ಟೀ ಬ್ಯಾಗಾ, ಬಿಡಿ ಪುಡಿಯಾ? ಒಂದೇ ತೂಕ, ಒಂದೇ ದರ್ಜೆ ಇಟ್ಟು ಹೋಲಿಸೋಣ

ಜಯನಗರ_ನಾಲ್ಕನೇ_ಬ್ಲಾಕ್

ಬೆಂಗಳೂರಿನಲ್ಲಿ 40 ಜನರ ಕಚೇರಿ, ದಿನಕ್ಕೆ ಎರಡು ಹೊತ್ತು ಟೀ. ಪುಡಿ ಹಾಕಿ ಕುದಿಸುವ ವ್ಯವಸ್ಥೆ ಮಾಡಬೇಕೋ, ಟೀ ಬ್ಯಾಗ್ ಮತ್ತು ಬಿಸಿನೀರು ಇಟ್ಟುಬಿಡಬೇಕೋ ಅಂತ ತೀರ್ಮಾನ ಆಗಬೇಕಿದೆ. ಬ್ಯಾಗಿನೊಳಗಿರೋದು ಬರೀ ಧೂಳು, ಬಿಡಿಯಾಗಿ ಬರೋದೇ ಒಳ್ಳೆ ಟೀ ಅಂತ ಕೆಲವರು. ಎರಡೂ ಒಂದೇ ಮಾಲು, ಪಾತ್ರೆ ತೊಳೆಯೋ ಕೆಲಸ ಯಾಕೆ ಅಂತ ಇನ್ನು ಕೆಲವರು. ಹಾಲಿನ ಟೀ ಕುಡಿಯುವವರೇ ಹೆಚ್ಚು, ಏಳೆಂಟು ಜನ ಮಾತ್ರ ಬ್ಲ್ಯಾಕ್ ಟೀ ಇಲ್ಲವೇ ಗ್ರೀನ್ ಟೀ. ರುಚಿ, ಖರ್ಚು, ಕೆಲಸ ಮೂರನ್ನೂ ಗ್ರಾಂ, ನಿಮಿಷದ ಲೆಕ್ಕದಲ್ಲಿ ಹೇಳಬಲ್ಲವರು ದಯವಿಟ್ಟು ಬರೆಯಿರಿ.

ಕೂನೂರು_ಹಾದಿ

ಗೊಂದಲ ಶುರುವಾಗೋದೇ "ಬಿಡಿ ಟೀ" ಅನ್ನೋ ಮಾತಿನಲ್ಲಿ. ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕು ಮಾರಾಟವಾಗುತ್ತವೆ.

ಒಂದು ಆರ್ಥೊಡಾಕ್ಸ್. ಚಿಗುರನ್ನು ಬಾಡಿಸಿ, ಯಂತ್ರದಲ್ಲಿ ಹೊಸೆದು, ಗಾಳಿಗೆ ಬಿಟ್ಟು ಕೆಂಪಾಗಿಸಿ ಒಣಗಿಸಿದ್ದು. ಬಿಸಿನೀರಿಗೆ ಹಾಕಿದರೆ ಸುರುಳಿ ಬಿಚ್ಚಿಕೊಂಡು ಎಲೆಯ ಆಕಾರ ಕಾಣುತ್ತದೆ. ಡಾರ್ಜಿಲಿಂಗ್ ಬಹುಪಾಲು ಇದೇ. ನೀಲಗಿರಿಯಲ್ಲೂ ಕೆಲವು ತೋಟಗಳು ಮಾಡುತ್ತವೆ.

ಇನ್ನೊಂದು ಸಿಟಿಸಿ. ಬಾಡಿದ ಎಲೆಯನ್ನು ಹಲ್ಲುಗಳಿರುವ ಉಕ್ಕಿನ ರೋಲರುಗಳ ನಡುವೆ ಮೂರು ನಾಲ್ಕು ಸಲ ಹಾಯಿಸುತ್ತಾರೆ. ಜೋಡಿಯ ಒಂದು ರೋಲರ್ ನಿಧಾನವಾಗಿ, ಇನ್ನೊಂದು ಅದರ ಹತ್ತು ಪಟ್ಟು ವೇಗದಲ್ಲಿ ತಿರುಗುವುದರಿಂದ ಎಲೆ ಜಜ್ಜಿ, ಹರಿದು, ಸುತ್ತಿಕೊಂಡು ಕಾಳಾಗುತ್ತದೆ. 1930ರ ಆಸುಪಾಸಿನಲ್ಲಿ ಅಸ್ಸಾಮಿನ ಅಮ್ಗೂರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ಯಂತ್ರ ಇದು. ನಮ್ಮ ಮನೆಗಳಲ್ಲಿ ಕುದಿಯುವ ಪುಡಿ ಹೆಚ್ಚುಕಡಿಮೆ ಎಲ್ಲವೂ ಸಿಟಿಸಿಯೇ.

ಒಣಗಿದ ಸಿಟಿಸಿಯನ್ನು ಜರಡಿಗಳಲ್ಲಿ ಹಾಯಿಸಿ ಗಾತ್ರದಂತೆ ಬೇರೆ ಮಾಡುತ್ತಾರೆ. ಅಡುಗೆಮನೆಯ ಅಳತೆಯಲ್ಲಿ ಹೇಳಬೇಕೆಂದರೆ ಬಿ.ಪಿ. ದರ್ಜೆ ಸಾಸಿವೆಯಷ್ಟು, ಪಿ.ಎಫ್. ಗಸಗಸೆಯಷ್ಟು, ಡಸ್ಟ್ ದರ್ಜೆಗಳು (ಪಿ.ಡಿ., ಎಸ್.ಆರ್.ಡಿ. ಇತ್ಯಾದಿ) ಚಿರೋಟಿ ರವೆಯಷ್ಟು. ಟೀ ಬ್ಯಾಗಿಗೆ ಹೋಗುವುದು ಸಾಮಾನ್ಯವಾಗಿ ಪಿ.ಎಫ್. ಮತ್ತು ಪಿ.ಡಿ. ದಕ್ಷಿಣದ ಅಂಗಡಿಗಳಲ್ಲಿ "ಡಸ್ಟ್ ಟೀ" ಅಂತ ಬಿಡಿಯಾಗಿ ಸಿಗುವುದು ಅದಕ್ಕಿಂತಲೂ ಸಣ್ಣದಿರಬಹುದು. ಹೀಗಿರುವಾಗ "ಬ್ಯಾಗಲ್ಲಿ ಧೂಳು, ಬಿಡಿಯಲ್ಲಿ ಎಲೆ" ಅನ್ನೋ ವಾದ ನಮ್ಮ ಊರುಗಳಲ್ಲಿ ನಿಲ್ಲುವುದಿಲ್ಲ.

ಡಸ್ಟ್ ಅಂದರೆ ಕಾರ್ಖಾನೆಯ ನೆಲ ಗುಡಿಸಿದ್ದು ಅನ್ನುವುದೂ ತಪ್ಪು. ಅದು ಜರಡಿಯ ಒಂದು ದರ್ಜೆ, ಹರಾಜಿನಲ್ಲಿ ಅದಕ್ಕೇ ಪ್ರತ್ಯೇಕ ಬೆಲೆ ಕೂಗುತ್ತಾರೆ. ನಾರು, ಕಡ್ಡಿ, ನೆಲಕ್ಕೆ ಬಿದ್ದದ್ದು "ಟೀ ವೇಸ್ಟ್". ಅದರ ಮಾರಾಟಕ್ಕೆ 1959ರ ನಿಯಂತ್ರಣ ಆದೇಶದಡಿ ಲೈಸೆನ್ಸ್ ಬೇಕು. ಅದನ್ನು ಕದ್ದುಮುಚ್ಚಿ ಪುಡಿಗೆ ಬೆರೆಸುವ ದಂಧೆ ಇದೆ, ಆದರೆ ಅದು ಕಲಬೆರಕೆ. ದರ್ಜೆಯ ಹೆಸರಿಗೂ ಅದಕ್ಕೂ ಸಂಬಂಧ ಇಲ್ಲ.

ಖಡಕ್_ಚಾ_ಹುಬ್ಬಳ್ಳಿ

ಸರ್ ಹೇಳಿದ್ದು ಖರೆ ಅದ. ಚಾದಂಗಡ್ಯಾಗ ಡಸ್ಟ್ ಯಾಕ ಹಾಕ್ತಾರ ಅಂದ್ರ ಕಾಳು ಸಣ್ಣದಿದ್ದಷ್ಟು ಬಣ್ಣ ಲಗೂ ಬಿಡ್ತದ, ಒಂದು ಕಿಲೋಕ್ಕ ಕಪ್ಪು ಹೆಚ್ಚು ಬರ್ತಾವ. ಬಿ.ಪಿ. ಕುದಿಲಿಕ್ಕೆ ಎರಡು ನಿಮಿಷ ಬೇಕಾದ್ರ ಡಸ್ಟಿಗೆ ಒಂದು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಕುದಿಸಿದ್ರ ಖಡಕ್ ಆಗಂಗಿಲ್ರಿ, ಒಗರು ಆಗ್ತದ. ಖಡಕ್ ಅಂದ್ರ ನಾಲಿಗಿ ಮ್ಯಾಲೆ ಚುರುಕು ಅನ್ನಿಸಿ ಹೋಗಬೇಕು. ಗಂಟಲ ಒಣಗಿಸಿ ಅಲ್ಲೇ ಕೂತ್ಕೊಂಡ್ರ ಅದು ಒಗರು.

ಟೀ ಬ್ಯಾಗ್ ಕುದಿಸ್ಲಿಕ್ಕೆ ಮಾಡಿದ್ದಲ್ಲ, ನೆನಸ್ಲಿಕ್ಕೆ ಮಾಡಿದ್ದು. ಬ್ಯಾಗ್ ಹಾಲಿನ್ಯಾಗ ಹಾಕಿ ಕುದಿಸಿದ್ರ ಕಾಗದ ಒಡದು ಪುಡಿ ಹೊರಗ ಬರ್ತದ, ರುಚೀನೂ ಕೆಡ್ತದ.

ಕೆಂಪು_ನೀರು

ಹೋಲಿಕೆಯಲ್ಲಿ ಎಲ್ಲರೂ ಎಡವುವ ಜಾಗ ತೂಕ. ಭಾರತದಲ್ಲಿ ಸಿಗುವ ಸಾಮಾನ್ಯ ಟೀ ಬ್ಯಾಗಿನಲ್ಲಿ 2 ಗ್ರಾಂ ಪುಡಿ ಇರುತ್ತದೆ. ಟೀ ರುಚಿ ನೋಡುವವರಿಗೆಂದು ಇರುವ ಐಎಸ್ಒ 3103 ಮಾನದಂಡದಲ್ಲಿ 100 ಮಿ.ಲೀ. ನೀರಿಗೆ 2 ಗ್ರಾಂ, ಕುದಿಯುವ ನೀರು, ಮುಚ್ಚಿಟ್ಟು 6 ನಿಮಿಷ. ಅದು ಪರೀಕ್ಷೆಗಾಗಿ ಬೇಕೆಂದೇ ಗಟ್ಟಿಯಾಗಿ ಇಟ್ಟ ಅಳತೆ, ಹಾಗೇ ಕುಡಿಯಬೇಕೆಂದಲ್ಲ. ಆದರೆ ಅದರ ಪಕ್ಕದಲ್ಲಿ ನಮ್ಮ ಕಚೇರಿಯ ಮಗ್ ಇಟ್ಟು ನೋಡಿ: 250 ಮಿ.ಲೀ. ನೀರಿಗೆ ಅದೇ 2 ಗ್ರಾಂ, ಅದೂ ಒಂದು ನಿಮಿಷ ಅದ್ದಿ ತೆಗೆದದ್ದು. ಅದು ಸಪ್ಪೆಯಾದರೆ ತಪ್ಪು ಬ್ಯಾಗಿನದಲ್ಲ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದೇ ಪೊಟ್ಟಣದ ಎರಡು ಬ್ಯಾಗ್ ತಗೊಳ್ಳಿ. ಒಂದನ್ನು ಹಾಗೇ ಇಡಿ, ಇನ್ನೊಂದನ್ನು ಕತ್ತರಿಸಿ ಪುಡಿ ಹೊರಗೆ ತೆಗೆಯಿರಿ. ಎರಡು ಲೋಟಕ್ಕೂ 130 ಮಿ.ಲೀ. ಕುದಿಯುವ ನೀರು ಹಾಕಿ, ತಟ್ಟೆ ಮುಚ್ಚಿ, 4 ನಿಮಿಷ ಬಿಟ್ಟು ಸೋಸಿ. ಬಿಡಿ ಪುಡಿಯ ಲೋಟ ಸ್ವಲ್ಪ ಗಾಢ ಇರುತ್ತದೆ, ಯಾಕೆಂದರೆ ಪುಡಿಯ ಸುತ್ತ ನೀರು ಆಡಲು ಜಾಗ ಇದೆ. ಬ್ಯಾಗಿನೊಳಗೆ ಪುಡಿ ನೀರು ಹೀರಿ ಉಬ್ಬಿ ಒಂದಕ್ಕೊಂದು ಒತ್ತಿಕೊಳ್ಳುತ್ತದೆ, ಒಳಗಿನ ಗಾಢ ರಸ ಕಾಗದ ದಾಟಿ ಬರಲು ಹೊತ್ತು ಹಿಡಿಯುತ್ತದೆ. ಈಗ ಬ್ಯಾಗಿನ ಲೋಟವನ್ನು ಮತ್ತೆ ಮಾಡಿ, ಈ ಸಲ ಮೊದಲ ನಿಮಿಷದಲ್ಲಿ ಹತ್ತು ಹನ್ನೆರಡು ಸಲ ಮೇಲೆ ಕೆಳಗೆ ಆಡಿಸಿ. ಅಂತರ ತೀರಾ ಕಡಿಮೆಯಾಗುತ್ತದೆ. ದಾರ ಇರೋದು ಬ್ಯಾಗನ್ನು ಹೊರತೆಗೆಯಲು ಮಾತ್ರ ಅಲ್ಲ, ಆಡಿಸಲೂ ಹೌದು.

ಹಿಂಡುವ ವಿಷಯ: ಬ್ಯಾಗ್ ತನ್ನ ತೂಕದ ಮೂರು ನಾಲ್ಕು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಆ ಕೊನೆಯ 6-8 ಮಿ.ಲೀ. ತುಂಬ ಗಾಢ. ಹಾಲು ಹಾಕುವುದಿದ್ದರೆ ಚಮಚಕ್ಕೆ ಒತ್ತಿ ಮೆಲ್ಲಗೆ ಹಿಂಡಿದರೆ ಒಳ್ಳೆಯದೇ, ಹಾಲಿನ ಕೇಸೀನ್ ಎಂಬ ಪ್ರೊಟೀನ್ ಒಗರನ್ನು ಕಟ್ಟಿಹಾಕುತ್ತದೆ. ಬ್ಲ್ಯಾಕ್ ಟೀಗೆ ಹಿಂಡಬೇಡಿ.

ಲೀಡ್ಸ್_ಕನ್ನಡತಿ

ಬ್ರಿಟನ್ನಿನಲ್ಲಿ ಬಹುಪಾಲು ಮನೆಗಳ ಟೀ ಬ್ಯಾಗಿನದ್ದೇ. ಟೆಟ್ಲಿ 1953ರಲ್ಲಿ ಇಲ್ಲಿ ಬ್ಯಾಗ್ ತಂದ ಮೇಲೆ ಬಂದ ಬದಲಾವಣೆ. ಬ್ಯಾಗಿನ ಮೂಲ ಅಮೆರಿಕದ್ದು: ಮಿಲ್ವಾಕಿಯ ರಾಬರ್ಟಾ ಲಾಸನ್, ಮೇರಿ ಮೆಕ್ಲಾರೆನ್ ಎಂಬ ಇಬ್ಬರು ಮಹಿಳೆಯರು ಹತ್ತಿನೂಲಿನ ಜಾಲಿಯ ಟೀ ಚೀಲಕ್ಕೆ 1901ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಒಂದೊಂದು ಲೋಟಕ್ಕೆ ಬೇಕಾದಷ್ಟೇ, ಚರಟ ಲೋಟದಲ್ಲಿ ಉಳಿಯದಂತೆ ಟೀ ಮಾಡುವುದೇ ಅವರ ಉದ್ದೇಶ. ಈಗಲೂ ಬ್ಯಾಗಿಗೆ ಅದೇ ಕೆಲಸ, ಅದಕ್ಕಿಂತ ಹೆಚ್ಚು ಅದರಿಂದ ಕೇಳಬಾರದು.

ಇಲ್ಲಿನ ಬ್ಯಾಗ್ ಭಾರತಕ್ಕೆ ತಂದವರು "ರುಚಿ ಬರಲಿಲ್ಲ" ಅನ್ನುವುದುಂಟು. ಇಲ್ಲಿನ ಬ್ಯಾಗಿನಲ್ಲಿ 2 ಗ್ರಾಮಿಗಿಂತ ಹೆಚ್ಚು, ಕೆಲವು ಮಾರ್ಕಿನಲ್ಲಿ 3 ಗ್ರಾಂ ಹತ್ತಿರ ಪುಡಿ, ಕೀನ್ಯದ ಸಿಟಿಸಿ ಹೆಚ್ಚು, ದೊಡ್ಡ ಮಗ್‌ಗೆ ಲೆಕ್ಕ ಹಾಕಿದ್ದು. ನೀರೂ ಬೇರೆ. ಲೀಡ್ಸ್ ಕಡೆ ನೀರು ಮೃದು, ಲಂಡನ್ನಿನದು ಗಡಸು. ಯಾರ್ಕ್‌ಶೈರ್ ಟೀಯವರು ಗಡಸು ನೀರಿಗೆಂದೇ ಬೇರೆ ಮಿಶ್ರಣ ಮಾರುತ್ತಾರೆ. ಅಷ್ಟು ವ್ಯತ್ಯಾಸ ಆಗುತ್ತದೆ.

ಕೆಂಪು_ನೀರು

ನೀರಿನ ಮಾತು ಬಂದದ್ದು ಒಳ್ಳೆಯದಾಯಿತು ಮೇಡಂ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಕಟ್ಟಡಕ್ಕೂ ಬೋರ್‌ವೆಲ್ ನೀರಿನ ಕಟ್ಟಡಕ್ಕೂ ಒಂದೇ ಬ್ಯಾಗಿನ ಟೀ ಬೇರೆಯಾಗಿ ಬರುತ್ತದೆ. ಬೋರ್ ನೀರಿನ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಟೀಗೆ ಒಗರು ಕೊಡುವ ಪಾಲಿಫಿನಾಲ್ ಜೊತೆ ಸೇರಿ ಮೇಲೆ ಕಂದು ಪೊರೆ ಕಟ್ಟುತ್ತದೆ, ಲೋಟದ ಅಂಚಿಗೆ ಕರೆ ಹಿಡಿಯುತ್ತದೆ. ಬಣ್ಣ ಮಂಕಾಗಿ ಮಸಿಯಂತೆ ಕಾಣುತ್ತದೆ. ಎಷ್ಟೋ ಜನ ಅದನ್ನು ನೋಡಿ ಪುಡಿ ಕಲಬೆರಕೆ ಅಂದುಕೊಳ್ಳುತ್ತಾರೆ. ಎರಡು ಹನಿ ನಿಂಬೆರಸ ಹಾಕಿ ನೋಡಿ, ಪೊರೆ ಕರಗಿ ಬಣ್ಣ ತಿಳಿಯಾದರೆ ದೋಷ ನೀರಿನದು. ಅದಕ್ಕೆ ಫಿಲ್ಟರ್ ನೀರು ಬಳಸುವುದೇ ದಾರಿ. ಆರ್.ಓ. ನೀರು ತೀರಾ ಸಪ್ಪೆ ಅನ್ನಿಸಿದರೆ ಯಂತ್ರದ ಟಿ.ಡಿ.ಎಸ್. (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ತಿರುಪನ್ನು 80-120ರ ನಡುವೆ ಇಡಿಸಿಕೊಳ್ಳಿ.

ಇನ್ನೊಂದು, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ. ಊಟಿಯಲ್ಲಿ 93ರ ಒಳಗೆ. ಬ್ಯಾಗಿನ ಡಬ್ಬಿಯ ಮೇಲೆ "2-3 ನಿಮಿಷ" ಅಂತಿದ್ದರೆ ಬೆಂಗಳೂರಿಗೆ 4, ಊಟಿಗೆ 5 ಮಾಡಿಕೊಳ್ಳಿ. ಕುದಿಸುವ ಟೀಗೆ ಇದು ಅಷ್ಟು ತಟ್ಟುವುದಿಲ್ಲ, ಅಲ್ಲಿ ಉರಿ ಬಿಸಿಯನ್ನು ಹಿಡಿದಿಡುತ್ತದೆ. ಬ್ಯಾಗಿನ ಲೋಟ ಮಾತ್ರ ನೀರು ಸುರಿದ ಕ್ಷಣದಿಂದಲೇ ತಣಿಯುತ್ತಾ ಹೋಗುತ್ತದೆ. ದಪ್ಪ ಪಿಂಗಾಣಿ ಮಗ್ ತಣ್ಣಗಿದ್ದರೆ ಮೊದಲ ಅರ್ಧ ನಿಮಿಷದಲ್ಲೇ ಏಳೆಂಟು ಡಿಗ್ರಿ ಹೀರಿಬಿಡಬಹುದು. ಮೊದಲು ಬಿಸಿನೀರು ಸುತ್ತಾಡಿಸಿ ಚೆಲ್ಲಿ, ಆಮೇಲೆ ಬ್ಯಾಗ್ ಹಾಕಿ.

ಜಯನಗರ_ನಾಲ್ಕನೇ_ಬ್ಲಾಕ್

ತುಂಬ ಉಪಯೋಗ ಆಯಿತು. ಹಾಗಾದರೆ ಬ್ಯಾಗಿನಲ್ಲಿ ಹಾಲಿನ ಟೀ ಸರಿಯಾಗಿ ಆಗುವುದೇ ಇಲ್ಲವಾ? ರೈಲಿನಲ್ಲಿ ಕೊಡುವ ಬ್ಯಾಗ್, ಹಾಲಿನಪುಡಿಯ ಟೀ ಯಾವಾಗಲೂ ನೀರುನೀರು.

ಖಡಕ್_ಚಾ_ಹುಬ್ಬಳ್ಳಿ

ಆಗ್ತದ್ರಿ, ಕ್ರಮ ತಪ್ಪಬಾರದು. ರೈಲಿನ್ಯಾಗ ಎರಡು ತಪ್ಪು ಆಗ್ತಾವ. ಫ್ಲಾಸ್ಕಿನ ನೀರು ಆಗಲೇ 80ಕ್ಕ ಇಳದಿರ್ತದ. ಅದರಾಗ ಹಾಲಿನಪುಡಿ, ಸಕ್ಕರಿ ಮೊದಲು ಕಲಸಿ ಆಮ್ಯಾಲೆ ಬ್ಯಾಗ್ ಬಿಡ್ತಾರ. ಹಾಲು ಮೊದಲು ಬಿದ್ರ ನೀರಿನ ಬಿಸಿ ಇನ್ನೂ ಇಳೀತದ, ಬಣ್ಣ ಬಿಡೋದಿಲ್ಲ. ಮೊದಲು ಬರೀ ನೀರು, ಅದೂ ಅರ್ಧ ಕಪ್ಪು. ಬ್ಯಾಗ್ ಹಾಕಿ ಮುಚ್ಚಿ ಐದು ನಿಮಿಷ. ಬ್ಯಾಗ್ ಹಿಂಡಿ ತಗದು ಆಮ್ಯಾಲೆ ಪುಡಿ, ಸಕ್ಕರಿ. ಕಚೇರಿಯಾಗಂತೂ ಕೆಟಲ್ ಕುದಿಯೋ ಹೊತ್ತಿಗೇ 90 ಮಿ.ಲೀ. ನೀರು, ಒಂದು ಬ್ಯಾಗ್, ನಾಕು ನಿಮಿಷ, 40 ಮಿ.ಲೀ. ಬಿಸಿ ಹಾಲು. ಲೋಟ ಸಣ್ಣದಿರಲಿ. ದೊಡ್ಡ ಮಗ್ ಬೇಕಂದವರು ಎರಡು ಬ್ಯಾಗ್ ಹಾಕಲಿ.

ಆದ್ರೂ ಒಂದು ಮಾತು: ಕುದಿಸಿದ ಚಾದಾಗ ಹಾಲು, ಪುಡಿ, ಶುಂಠಿ ಎಲ್ಲಾ ಕೂಡಿ ಉಕ್ಕಿ ಬಂದಾಗ ಆಗೋ ಮಂದಪಣ ಬ್ಯಾಗಿನ ಚಾಕ್ಕ ಬರಂಗಿಲ್ಲ. ಹಾಲು ಕುದಿದಾಗ ಬರೋ ರುಚೀನ ಬೇರೆ. ಅದನ್ನ ಬ್ಯಾಗಿನಿಂದ ಬಯಸಬಾರದು.

ಸೋಸು_ಬಟ್ಟೆ

40 ಜನರ ಲೆಕ್ಕ ಹಾಕಿಯೇ ಬಿಡೋಣ. ತಲೆಗೆ 100 ಮಿ.ಲೀ. ಅಂದರೆ 4 ಲೀಟರ್ ಟೀ.

ಹಾಲು 1.6 ಲೀಟರ್, ನೀರು 2.8 ಲೀಟರ್, ಸಿಟಿಸಿ ಬಿ.ಪಿ. ಪುಡಿ 85 ಗ್ರಾಂ (ಡಸ್ಟ್ ಆದರೆ 70 ಸಾಕು), ಸಕ್ಕರೆ ಬೇರೆ ಡಬ್ಬಿಯಲ್ಲಿ. ನೀರು ಇಷ್ಟು ಯಾಕೆ ಅಂದರೆ ಪುಡಿಯೇ 300 ಮಿ.ಲೀ. ಕುಡಿದುಬಿಡುತ್ತದೆ, ಆವಿಯಲ್ಲಿ ಇನ್ನೊಂದು 100 ಹೋಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಕೊನೆಗೆ ನಾಲ್ಕು ಜನಕ್ಕೆ ಸಾಲದೆ ನೀರು ಬೆರೆಸುವುದು ಎಲ್ಲ ಪ್ಯಾಂಟ್ರಿಗಳಲ್ಲೂ ನಡೆಯುವ ತಪ್ಪು.

ನೀರು ಕುದಿ ಬಂದ ಮೇಲೆ ಪುಡಿ ಹಾಕಿ ಎರಡು ನಿಮಿಷ ಮಧ್ಯಮ ಉರಿ. ಉರಿ ಆರಿಸಿ ಮುಚ್ಚಿ ಎರಡು ನಿಮಿಷ. ಸೋಸಿ. ಹಾಲನ್ನು ಬೇರೆ ಪಾತ್ರೆಯಲ್ಲಿ ಕಾಯಿಸಿ ಕೊನೆಗೆ ಸೇರಿಸಿ, ಒಂದೇ ಒಂದು ಉಕ್ಕು ಬರಿಸಿ ಇಳಿಸಿ. ಪುಡಿ ಒಳಗಿಟ್ಟುಕೊಂಡೇ ಹಾಲು ಸೇರಿಸಿ ಕುದಿಸುವುದು ನಾಲ್ಕು ಲೋಟಕ್ಕೆ ಚೆನ್ನ. 4 ಲೀಟರ್ ಕುದಿ ಬರಲು ಹತ್ತು ನಿಮಿಷ ಹಿಡಿಯುತ್ತದೆ, ಅಷ್ಟು ಹೊತ್ತು ಪುಡಿ ಒಳಗಿದ್ದರೆ ಒಗರು ಖಚಿತ.

ಸೋಸಲು: ಬಿ.ಪಿ.ಗೆ ಸಾಮಾನ್ಯ ಸ್ಟೀಲ್ ಜಾಲರಿ ಸಾಕು. ಡಸ್ಟ್ ಅದರ ಕಣ್ಣುಗಳಲ್ಲಿ ನುಸುಳಿ ಲೋಟದ ತಳಕ್ಕೆ ಗಸಿ ಕೂರುತ್ತದೆ, ಅದಕ್ಕೇ ಹೋಟೆಲಿನವರು ಬಟ್ಟೆ ಬಳಸುವುದು. ಬಟ್ಟೆ ಬಳಸಿದರೆ ದಿನವೂ ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಬಿಸಿಲಿಗೆ ಹಾಕಬೇಕು. ಹಾಲಿನ ಟೀಯನ್ನು ಅದೇ ಬಟ್ಟೆಯಲ್ಲಿ ಸೋಸಿ ಒದ್ದೆಯಾಗಿಯೇ ಬಿಟ್ಟರೆ ಮಾರನೇ ದಿನ ಹುಳಿ ವಾಸನೆ. ಕಚೇರಿಗೆ ಬಟ್ಟೆ ಬೇಡ, ಬಿ.ಪಿ. ಪುಡಿ ಮತ್ತು ಎರಡು ಪದರದ ಸ್ಟೀಲ್ ಜಾಲರಿ ತಗೊಳ್ಳಿ.

ಈಗ ಬ್ಯಾಗಿನ ಲೆಕ್ಕ: 40 ಬ್ಯಾಗ್ ಗುಣಿಸು 2 ಗ್ರಾಂ, 80 ಗ್ರಾಂ. ನೋಡಿ, ಪುಡಿಯ ತೂಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾದ್ದರಿಂದ ಖರ್ಚು ಹೋಲಿಸಲು ಡಬ್ಬಿಯ ಬೆಲೆಯನ್ನು ಗ್ರಾಮಿಗೆ ಭಾಗಿಸಿದರೆ ಸಾಕು. ಉದಾಹರಣೆಗೆ 100 ಬ್ಯಾಗಿನ ಪೊಟ್ಟಣ 200 ರೂಪಾಯಿ ಇದ್ದರೆ ಗ್ರಾಮಿಗೆ 1 ರೂಪಾಯಿ, ಅಂದರೆ ಕಿಲೋಗೆ 1,000. ಪಕ್ಕದಲ್ಲಿ ಪುಡಿ ಕಿಲೋಗೆ 500 ಇದ್ದರೆ ನೀವು ಅರ್ಧ ದುಡ್ಡನ್ನು ಕಾಗದ, ದಾರ, ಲಕೋಟೆಗೆ ಕೊಡುತ್ತಿದ್ದೀರಿ. ಆದರೆ ಗ್ಯಾಸ್, ಪಾತ್ರೆ ತೊಳೆಯುವ ಅರ್ಧ ಗಂಟೆ, ಉಳಿದು ಚೆಲ್ಲುವ ಟೀ ಇವು ಪುಡಿಯ ಕಡೆ ಬರೆಯಬೇಕಾದ ಖರ್ಚು. 40ರಲ್ಲಿ 15 ಜನ ಮಾತ್ರ ಬರುವ ದಿನಗಳು ಜಾಸ್ತಿ ಇದ್ದರೆ ಬ್ಯಾಗೇ ಅಗ್ಗ.

ಕರಾವಳಿ_ಚಾ

ಶುಂಠಿ ಹಾಕುವವರಿಗೆ ಒಂದು ಸೂಚನೆ. ಹಸಿ ಶುಂಠಿಯಲ್ಲಿ ಹಾಲಿನ ಪ್ರೊಟೀನ್ ಕತ್ತರಿಸುವ ಕಿಣ್ವ ಇದೆ. ಜಜ್ಜಿದ ಶುಂಠಿಯನ್ನು ಬೆಚ್ಚಗಿನ ಹಾಲಿಗೆ ನೇರ ಹಾಕಿದರೆ ಹಾಲು ಒಡೆಯುತ್ತದೆ. ಶುಂಠಿಯನ್ನು ನೀರಿನಲ್ಲೇ ಎರಡು ಮೂರು ನಿಮಿಷ ಕುದಿಸಿದರೆ ಕಿಣ್ವ ಸತ್ತುಹೋಗುತ್ತದೆ, ಆಮೇಲೆ ಹಾಲು ಹಾಕಿದರೆ ಭಯ ಇಲ್ಲ. ಬೆಲ್ಲದ ಟೀಗೂ ಹಾಗೇ ಜಾಗ್ರತೆ ಬೇಕು: ಉರಿ ಆರಿಸಿ, ಒಂದು ನಿಮಿಷ ಬಿಟ್ಟು, ಪುಡಿ ಮಾಡಿದ ಬೆಲ್ಲ ಹಾಕಿ ಕಲಕಿ. ಬೆಲ್ಲ ಹಾಕಿದ ಮೇಲೆ ಮತ್ತೆ ಕುದಿಸಬಾರದು. ಹಾಲು ನಿನ್ನೆಯದಾಗಿದ್ದರೆ ಬೆಲ್ಲವೇ ಬೇಡ.

ಶುಂಠಿ, ಏಲಕ್ಕಿ ಸುವಾಸನೆಯ ಬ್ಯಾಗ್ ಕೊಳ್ಳುವವರು ಡಬ್ಬಿಯ ಹಿಂದೆ ಓದಿ. ನಿಜವಾದ ಶುಂಠಿ ಪುಡಿ ಹಾಕಿದ್ದಕ್ಕೂ ಬರೀ ಫ್ಲೇವರ್ ಸಿಂಪಡಿಸಿದ್ದಕ್ಕೂ ಪದಾರ್ಥಗಳ ಪಟ್ಟಿಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಸಾದಾ ಬ್ಯಾಗ್ ತಗೊಂಡು ಕೆಟಲ್ ನೀರಿಗೇ ಎರಡು ಏಲಕ್ಕಿ ಜಜ್ಜಿ ಹಾಕುವುದು ಇದಕ್ಕಿಂತ ಒಳ್ಳೆಯದು.

ಕೈತೋಟ_ಕುಂಡ

ಬ್ಯಾಗಿನ ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ಒಳ್ಳೆಯ ಬ್ಯಾಗ್ ಕಾಗದ ಅಬಾಕಾ ನಾರಿನದು, ಬಾಳೆಯ ಜಾತಿಯ ಗಿಡ ಅದು, ಒದ್ದೆಯಾದರೂ ಹರಿಯುವುದಿಲ್ಲ. ಆದರೆ ನಾಲ್ಕೂ ಅಂಚನ್ನು ಬಿಸಿಯಿಂದ ಒತ್ತಿ ಮುಚ್ಚಿದ ಬ್ಯಾಗುಗಳಲ್ಲಿ ಕಾಗದದ ಜೊತೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆ ಬೆರೆಸಿರುತ್ತಾರೆ, ಇಲ್ಲದಿದ್ದರೆ ಅಂಚು ಅಂಟುವುದಿಲ್ಲ. ಎರಡು ಕಾಲಿನಂತೆ ಮಡಚಿದ, ಮೇಲೆ ಗಂಟು ಹಾಕಿದ ಬ್ಯಾಗಿಗೆ ಅಂಟಿಸುವ ಅಗತ್ಯವೇ ಇಲ್ಲ. ಜರ್ಮನಿಯ ಟೀಕಾನೆ ಕಂಪನಿಯ ಆಡಾಲ್ಫ್ ರಾಂಬೋಲ್ಡ್ 1949ರಲ್ಲಿ ತಂದ ವಿನ್ಯಾಸ ಅದು, ಒಳಗೆ ಎರಡೂ ಕಡೆಯಿಂದ ನೀರು ಹರಿಯುವುದರಿಂದ ಬಣ್ಣವೂ ಬೇಗ ಬಿಡುತ್ತದೆ. ಹಿಂದೆ ಇದಕ್ಕೆ ಸ್ಟೇಪ್ಲರ್ ಪಿನ್ ಹೊಡೆಯುತ್ತಿದ್ದರು. ಪಿನ್ ಲೋಟಕ್ಕೆ ಬಿದ್ದು ಹೊಟ್ಟೆಗೆ ಹೋಗುವ ಅಪಾಯ ಇದೆಯೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್ಎಸ್ಎಸ್ಎಐ 2017ರಲ್ಲಿ ಅದನ್ನು ನಿಲ್ಲಿಸಲು ಆದೇಶ ಹೊರಡಿಸಿತು. ಈಗಲೂ ಪಿನ್ ಇರುವ ಬ್ಯಾಗ್ ಕಂಡರೆ ಕೊಳ್ಳಬೇಡಿ.

ಮನೆಯಲ್ಲಿ ಪತ್ತೆ ಹಚ್ಚುವ ಬಗೆ: ಖಾಲಿ ಬ್ಯಾಗನ್ನು ಒಣಗಿಸಿ ಅಂಚನ್ನು ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿ. ಪೂರ್ತಿ ಬೂದಿಯಾದರೆ ನಾರು. ಮುದುಡಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್ ಇದೆ. ಫಳಫಳ ಹೊಳೆಯುವ ಪಿರಮಿಡ್ ಬ್ಯಾಗ್ ನೈಲಾನ್, ಪಿಇಟಿ (ಎರಡೂ ಪ್ಲಾಸ್ಟಿಕ್ಕೇ) ಅಥವಾ ಜೋಳದ ಪಿಷ್ಟದಿಂದ ಬಂದ ಪಿಎಲ್ಎ ಇರಬಹುದು. ಪಿಎಲ್ಎ "ಕೊಳೆಯುತ್ತದೆ" ಅಂತ ಬರೆದಿದ್ದರೂ 60 ಡಿಗ್ರಿ ಹತ್ತಿರ ಬಿಸಿಯಾಗುವ ದೊಡ್ಡ ಗೊಬ್ಬರದ ಘಟಕ ಬೇಕು. ಬಾಲ್ಕನಿಯ ಕುಂಡದಲ್ಲಿ ವರ್ಷ ಕಳೆದರೂ ಬಲೆ ಹಾಗೇ ಇರುತ್ತದೆ. ಆದ್ದರಿಂದ ಬ್ಯಾಗ್ ಕತ್ತರಿಸಿ ಚರಟ ಮಾತ್ರ ಕುಂಡಕ್ಕೆ. ಹಾಲು, ಸಕ್ಕರೆ ಸೇರಿದ ಚರಟವನ್ನು ಒಂದು ಸಲ ತೊಳೆದು ಹಿಂಡಿ ಹಾಕಿ, ಇಲ್ಲದಿದ್ದರೆ ಇರುವೆ, ಬೂಷ್ಟು.

ಜಯನಗರ_ನಾಲ್ಕನೇ_ಬ್ಲಾಕ್

ಮೈಕ್ರೊಪ್ಲಾಸ್ಟಿಕ್ ಕೋಟಿಗಟ್ಟಲೆ ಬರುತ್ತದೆ ಅಂತ ಒಂದು ಸುದ್ದಿ ಓಡಾಡುತ್ತಿದೆ. ನಿಜವಾ?

ಕೆಂಪು_ನೀರು

ಅದರ ಮೂಲ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ 2019ರ ಅಧ್ಯಯನ. ಒಂದು ಬ್ಯಾಗಿನಿಂದ ಸುಮಾರು 1,160 ಕೋಟಿ ಮೈಕ್ರೊ ಕಣ, 310 ಕೋಟಿ ನ್ಯಾನೊ ಕಣ ಎಂದು ಅವರು ಎಣಿಸಿದರು. ಸುದ್ದಿಯಲ್ಲಿ ಬಿಟ್ಟುಹೋಗುವ ಅಂಶ ಏನೆಂದರೆ, ಅವರು ಪರೀಕ್ಷಿಸಿದ್ದು ನೈಲಾನ್ ಮತ್ತು ಪಿಇಟಿಯ ನಾಲ್ಕು ಬಗೆಯ ಪ್ಲಾಸ್ಟಿಕ್ ಬ್ಯಾಗುಗಳನ್ನು, ಪುಡಿ ತೆಗೆದು, 95 ಡಿಗ್ರಿ ನೀರಿನಲ್ಲಿ. ಕಾಗದದ ಬ್ಯಾಗಲ್ಲ. ಎಣಿಸಿದ ಕ್ರಮಕ್ಕೆ ಬೇರೆ ವಿಜ್ಞಾನಿಗಳಿಂದ ಆಕ್ಷೇಪವೂ ಬಂದಿದೆ. ಸಂಖ್ಯೆ ಏನೇ ಇರಲಿ, ಕುದಿಯುವ ನೀರಿಗೆ ಪ್ಲಾಸ್ಟಿಕ್ ಬಲೆ ಅದ್ದುವ ಅವಶ್ಯಕತೆ ನಮಗಿಲ್ಲ. ಗಂಟು ಹಾಕಿದ ಕಾಗದದ ಬ್ಯಾಗ್ ಕೇಳಿ ತಗೊಳ್ಳಿ. ಬಿಡಿ ಪುಡಿಯವರೂ ಹಾಗೇ: ಹತ್ತು ರೂಪಾಯಿಯ ಪ್ಲಾಸ್ಟಿಕ್ ಜಾಲರಿ, ಪ್ಲಾಸ್ಟಿಕ್ ಲೇಪದ ಪೇಪರ್ ಕಪ್ಪು ಬಿಟ್ಟು ಸ್ಟೀಲಿಗೆ ಬನ್ನಿ.

ಕೂನೂರು_ಹಾದಿ

ಬ್ಲ್ಯಾಕ್ ಟೀ, ಗ್ರೀನ್ ಟೀಯ ಏಳೆಂಟು ಜನರ ವಿಷಯಕ್ಕೆ ಬರುತ್ತೇನೆ. ಬಿಡಿ ಎಲೆ ನಿಜವಾಗಿಯೂ ಗೆಲ್ಲುವುದು ಇವರ ಲೋಟದಲ್ಲಿ, ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಹಾಲಿಲ್ಲದ ಟೀಯಲ್ಲಿ ಬಣ್ಣಕ್ಕಿಂತ ಪರಿಮಳ ಮುಖ್ಯ. ಎಲೆ ಜಜ್ಜಿ ಹೋಗದೆ ಉಳಿದಷ್ಟೂ ಪರಿಮಳ ಒಳಗೆ ಉಳಿಯುತ್ತದೆ. ನೀಲಗಿರಿಯಲ್ಲಿ ಡಿಸೆಂಬರ್, ಜನವರಿಯ ಇಬ್ಬನಿ ಹೆಪ್ಪುಗಟ್ಟುವ ಚಳಿಯಲ್ಲಿ ಕಿತ್ತ ಆರ್ಥೊಡಾಕ್ಸ್ ಎಲೆಗೆ ಹೂವಿನಂಥ ಸುವಾಸನೆ ಇರುತ್ತದೆ. ಅದನ್ನು ಪುಡಿ ಮಾಡಿ ಚಪ್ಪಟೆ ಬ್ಯಾಗಿಗೆ ತುಂಬಿದರೆ ಏನೂ ಉಳಿಯುವುದಿಲ್ಲ. ನಮ್ಮ ರಾಜ್ಯದಲ್ಲೂ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ದಕ್ಷಿಣ ಕೊಡಗಿನ ಹುದಿಕೇರಿ ಬಳಿಯ ಗ್ಲೆನ್‌ಲಾರ್ನಾ ಟೀ ತೋಟಗಳಿವೆ. ಕಾಫಿಯ ಹೆಸರಿನಲ್ಲಿ ಇವು ಮರೆತೇಹೋಗುತ್ತವೆ.

ಅಳತೆ: ಉದ್ದ ಎಲೆಯನ್ನು ಚಮಚದಲ್ಲಿ ಅಳೆಯಬಾರದು. ಒಂದು ಟೀ ಚಮಚ ಸಿಟಿಸಿ 2.5-3 ಗ್ರಾಂ ತೂಗಿದರೆ ಅದೇ ಚಮಚ ಉದ್ದ ಎಲೆ 1-1.5 ಗ್ರಾಂ ಮಾತ್ರ. ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. 150 ಮಿ.ಲೀ.ಗೆ 2 ಗ್ರಾಂ, 3 ನಿಮಿಷ, ಹಾಲು ಬೇಡ. ಅದೇ ಎಲೆಗೆ ಎರಡನೇ ಸಲ ನೀರು ಹಾಕಿ 4-5 ನಿಮಿಷ ಬಿಟ್ಟರೆ ಇನ್ನೊಂದು ಒಳ್ಳೆಯ ಲೋಟ ಬರುತ್ತದೆ. ಗ್ರಾಮಿನ ಬೆಲೆ ದುಬಾರಿ ಕಂಡರೂ ಲೋಟದ ಲೆಕ್ಕದಲ್ಲಿ ಇಳಿಯುತ್ತದೆ. ಸಿಟಿಸಿಗಾಗಲಿ ಬ್ಯಾಗಿಗಾಗಲಿ ಎರಡನೇ ನೀರು ಹಾಕಿ ಪ್ರಯೋಜನ ಇಲ್ಲ, ಮೊದಲ ನೀರಿಗೇ ಎಲ್ಲ ಕೊಟ್ಟುಬಿಟ್ಟಿರುತ್ತದೆ.

ಸರಪಳಿ ಹಾಕಿದ ಉಕ್ಕಿನ ಚೆಂಡಿನಂಥ ಸೋಸುಗ ಕೊಳ್ಳಬೇಡಿ. ಎಲೆ ನಾಲ್ಕೈದು ಪಟ್ಟು ಹಿಗ್ಗುತ್ತದೆ, ಚೆಂಡಿನೊಳಗೆ ಇಕ್ಕಟ್ಟಾಗಿ ನಡುವಿನ ಎಲೆ ಒಣಗಿಯೇ ಉಳಿಯುತ್ತದೆ. ಮಗ್‌ನ ಬಾಯಿಗೆ ಕೂರುವ ಬುಟ್ಟಿಯಂಥ ಸ್ಟೀಲ್ ಸೋಸುಗ ಸರಿ, ತಳ ಮಗ್‌ನ ಮುಕ್ಕಾಲು ಆಳಕ್ಕೆ ಇಳಿಯುವಂತಿರಲಿ.

ಗ್ರೀನ್ ಟೀ ಕಹಿ ಅನ್ನುವವರಲ್ಲಿ ಹೆಚ್ಚಿನವರು ಕುದಿಯುವ ನೀರು ಸುರಿದಿರುತ್ತಾರೆ. 75-80 ಡಿಗ್ರಿ ಬೇಕು. ಥರ್ಮಾಮೀಟರ್ ಬೇಡ: ಬೆಂಗಳೂರಿನಲ್ಲಿ ಮೂರು ಪಾಲು ಕುದಿಯುವ ನೀರಿಗೆ ಒಂದು ಪಾಲು ಕುಡಿಯುವ ತಣ್ಣೀರು ಬೆರೆಸಿದರೆ 79ರ ಹತ್ತಿರ ಬರುತ್ತದೆ. ಎರಡು ನಿಮಿಷ, ತೆಗೆದುಬಿಡಿ. ಇದು ಬ್ಯಾಗಿಗೂ ಎಲೆಗೂ ಒಂದೇ.

ಬೇಸಿಗೆಯಲ್ಲಿ ಐಸ್ ಟೀ ಬೇಕಾದರೂ ನೀಲಗಿರಿಯೇ ಚೆನ್ನ. ಅಸ್ಸಾಂ ಟೀ ತಣ್ಣಗಾದಾಗ ಕೆಫೀನ್ ಮತ್ತು ಥಿಯಾಫ್ಲೇವಿನ್ ಎಂಬ ಬಣ್ಣದ ಅಂಶ ಕೂಡಿ ಮಸುಕಾಗುತ್ತದೆ. ನೀಲಗಿರಿ ತಿಳಿಯಾಗಿಯೇ ಉಳಿಯುತ್ತದೆ.

ಸೋಸು_ಬಟ್ಟೆ

ಇಡುವ ಬಗ್ಗೆಯೂ ಸೇರಿಸುತ್ತೇನೆ. ಕಾರ್ಖಾನೆಯಿಂದ ಹೊರಡುವಾಗ ಟೀಯಲ್ಲಿ ತೇವ ಸುಮಾರು 3 ಶೇಕಡ. ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ವಾರದೊಳಗೆ ಅದು ದುಪ್ಪಟ್ಟಾಗಿ ಮಣ್ಣಿನ ವಾಸನೆ ಬರುತ್ತದೆ. ಲಕೋಟೆಯಿಲ್ಲದ, ಬರೀ ರಟ್ಟಿನ ಡಬ್ಬಿಯಲ್ಲಿರುವ ಬ್ಯಾಗ್ ಪುಡಿಗಿಂತಲೂ ಬೇಗ ಕೆಡುತ್ತದೆ, ಸಣ್ಣ ಕಾಳು ಮತ್ತು ಸುತ್ತ ಗಾಳಿ. ಎರಡನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಗ್ಯಾಸಿನ ಬಿಸಿಯಿಂದ ದೂರ, ಸಾಂಬಾರ್ ಪುಡಿ, ಸೋಪು, ಊದುಬತ್ತಿ ಇರುವ ಕಪಾಟು ಬಿಟ್ಟು ಇಡಿ. ಟೀ ಬೇರೆ ವಾಸನೆಯನ್ನು ಬಹಳ ಬೇಗ ಎಳೆದುಕೊಳ್ಳುತ್ತದೆ. ತಿಂಗಳಿಗೆ ಆಗುವಷ್ಟೇ ಒಡೆಯಿರಿ.

ಸಗಟಿನಲ್ಲಿ ಬಿಡಿ ಪುಡಿ ತರುವಾಗ ಎರಡು ಪರೀಕ್ಷೆ. ಒದ್ದೆ ಮಾಡಿದ ಬಿಳಿ ಫಿಲ್ಟರ್ ಕಾಗದದ ಮೇಲೆ ಚಿಟಿಕೆ ಪುಡಿ ಹರಡಿ ಐದು ನಿಮಿಷ ಬಿಟ್ಟು ತೆಗೆಯಿರಿ. ತಣ್ಣೀರಿಗೇ ಗಾಢ ಕಂದು, ಕೆಂಪು ಕಲೆ ಬಿಟ್ಟರೆ ಬಣ್ಣ ಹಾಕಿದ್ದಾರೆ. ನಂತರ ಒಣ ಪುಡಿಯ ಮೇಲೆ ಅಯಸ್ಕಾಂತ ಆಡಿಸಿ. ಕಣ್ಣಿಗೆ ಕಂಡೂ ಕಾಣದ ಒಂದೆರಡು ಚೂರು ರೋಲರಿನ ಸವೆತದಿಂದ ಬಂದಿರಬಹುದು, ಮೀಸೆಯಂತೆ ಅಂಟಿಕೊಂಡರೆ ಆ ಅಂಗಡಿ ಬಿಡಿ.

ಜಯನಗರ_ನಾಲ್ಕನೇ_ಬ್ಲಾಕ್

ಎಲ್ಲರಿಗೂ ಧನ್ಯವಾದ. ಹೀಗೆ ಮಾಡುತ್ತೇವೆ: ಎರಡೂ ಹೊತ್ತಿಗೆ ಬಿ.ಪಿ. ಪುಡಿಯ ಕುದಿಸಿದ ಟೀ, ಬ್ಲ್ಯಾಕ್ ಟೀಯವರಿಗೆ ನೀಲಗಿರಿ ಎಲೆ ಮತ್ತು ಬುಟ್ಟಿ ಸೋಸುಗ, ತಡವಾಗಿ ಬರುವವರಿಗೆ ಗಂಟಿನ ಬ್ಯಾಗ್. ಕೊನೆಯ ಪ್ರಶ್ನೆ: ಕುದಿಸಿದ ಹಾಲಿನ ಟೀಯನ್ನು ಫ್ಲಾಸ್ಕಿನಲ್ಲಿ ಎಷ್ಟು ಹೊತ್ತು ಇಡಬಹುದು?

ಖಡಕ್_ಚಾ_ಹುಬ್ಬಳ್ಳಿ

ರುಚಿಗೆ ಅಂದ್ರ ಒಂದು ತಾಸು. ಅದರ ಮ್ಯಾಲೆ ಬೇಯಿಸಿದ ಹಾಲಿನ ವಾಸನಿ ಬರ್ತದ. ಎರಡು ತಾಸು ದಾಟಿದ್ದು ಚೆಲ್ಲಿಬಿಡ್ರಿ, ಮತ್ತ ಬಿಸಿ ಮಾಡಬ್ಯಾಡ್ರಿ. ತಡ ಆಗೋ ದಿನ ಡಿಕಾಕ್ಷನ್ ಒಂದು ಫ್ಲಾಸ್ಕಿನ್ಯಾಗ, ಬಿಸಿ ಹಾಲು ಇನ್ನೊಂದರಾಗ ಇಡ್ರಿ. ಮೂರು ಪಾಲು ಡಿಕಾಕ್ಷನ್, ಎರಡು ಪಾಲು ಹಾಲು, ಲೋಟದಾಗ ಕೂಡಸಿ ಕೊಡ್ರಿ. ಫ್ಲಾಸ್ಕಿಗೆ ಸುರಿಯೂ ಮೊದಲು ಕುದಿಯೋ ನೀರಿನಿಂದ ಒಳಗ ಒಂದು ಸಲ ತೊಳೀರಿ, ಮುಚ್ಚಳದ ರಬ್ಬರ್ ತಗದು ದಿನಾ ತಿಕ್ಕಿಸ್ರಿ. ಹಳೇ ಹಾಲು ಸಿಕ್ಕೊಂಡಿರೋದು ಅಲ್ಲೇ.